374 ವಿಕೆಟ್, ಎರಡು ಟೆಸ್ಟ್

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಶಹಾಪುರದಲ್ಲಿ ನೆಲೆಸಿರುವವನು. ಅವನ ಮಗ ಹತ್ತನೆಯ ತರಗತಿಯಲ್ಲಿದ್ದಾನೆ, ಎತ್ತರದ ಆಳು, ವೇಗದ ಬೌಲಿಂಗ್ ಮಾಡುತ್ತಾನಂತೆ. "ಸರ್, ಹುಡುಗ ಛಲೋ ಬಾಲ್ ಹಾಕ್ತಾನ್ರಿ. ಶಾಲಿ ಬಿಡ್ಸಿ ಬೆಂಗಳೂರಿಗಿ ಕಳಸ್ಲೇನ್ರಿ?" ಎಂದು ಕೇಳಿದ. ಅದಕ್ಕಾಗಿ ಕಾಲುವೆ ನೀರಿನ ಎರಡು ಎಕರೆ ಹೊಲ ಮಾರಲೂ ಅವನು ಸಿದ್ಧನಿದ್ದ. ದೂರವಾಣಿಯಲ್ಲಿ ಹೌದು ಅಲ್ಲ ಎಂದು ಮುಗಿಸುವ ಮಾತಲ್ಲ ಅದು. ನಮ್ಮ ರಾಜ್ಯದ ಬೌಲರುಗಳ ಚರಿತ್ರೆಯನ್ನು ರೇಡಿಯೋದಲ್ಲಿಯೂ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಪತ್ರಿಕೆಯಲ್ಲಿಯೂ ಹಿಂಬಾಲಿಸಿದವನು ನಾನು. ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಇಂಥದೇ ಪ್ರಶ್ನೆ ನಿಮ್ಮಲ್ಲಿ ಬೇರೆ ಕೆಲವರಿಗೂ ಇರಬಹುದು.

ಎ. ರಘುರಾಮ್ ಭಟ್ ಅವರಿಂದ ಆರಂಭಿಸುತ್ತೇನೆ. 1981-82ರ ರಣಜಿ ಸೆಮಿಫೈನಲ್, ಬೆಂಗಳೂರಿನಲ್ಲಿ ಕರ್ನಾಟಕ ಮತ್ತು ಬೊಂಬಾಯಿ. ಎಡಗೈ ಸ್ಪಿನ್ನರ್ ಭಟ್ ಮೊದಲ ಇನ್ನಿಂಗ್ಸಿನಲ್ಲಿ ಹ್ಯಾಟ್ರಿಕ್ ಸಹಿತ 123 ರನ್ನಿಗೆ 8 ವಿಕೆಟ್ ಪಡೆದರು. ಎರಡನೆಯ ಇನ್ನಿಂಗ್ಸಿನಲ್ಲಿ ಪಿಚ್ ಎಷ್ಟು ತಿರುಗುತ್ತಿತ್ತೆಂದರೆ ಸುನೀಲ್ ಗಾವಸ್ಕರ್ ಭಟ್ಟರ ಓವರುಗಳನ್ನು ಎಡಗೈಯಲ್ಲಿ ಆಡಿದರು, ಉಳಿದವರ ಬೌಲಿಂಗಿಗೆ ಮತ್ತೆ ಬಲಗೈಗೆ ತಿರುಗಿದರು! ಬಲಗೈ ಆಟಗಾರನಿಂದ ಹೊರಕ್ಕೆ ಹೋಗುವ ಚೆಂಡು ಎಡಗೈಯವನಿಗೆ ಒಳಕ್ಕೆ ಬರುತ್ತದೆ, ಕಾಲಿಗೆ ತಾಗಿ ಸುಮ್ಮನಾಗುತ್ತದೆ ಎಂಬುದು ಅವರ ಲೆಕ್ಕ. ಕರ್ನಾಟಕ ಫೈನಲ್ ತಲುಪಿತು. ಅಲ್ಲಿ 705 ರನ್ ಗಳಿಸಿಯೂ ದೆಹಲಿಗೆ ಮೊದಲ ಇನ್ನಿಂಗ್ಸ್ ಮುನ್ನಡೆ ಬಿಟ್ಟುಕೊಟ್ಟಿತು. ಅದು ಬೇರೆಯೇ ಕಥೆ, ನೆನೆದರೆ ಈಗಲೂ ಹೊಟ್ಟೆಯುರಿಯುತ್ತದೆ.

ಗಾವಸ್ಕರರಂಥವರನ್ನು ಕೈ ಬದಲಿಸುವಂತೆ ಮಾಡಿದ ಬೌಲರಿಗೆ ದೊರೆತದ್ದು ಎರಡೇ ಟೆಸ್ಟ್. ಎರಡೂ 1983ರಲ್ಲಿ: ನಾಗಪುರದಲ್ಲಿ ಪಾಕಿಸ್ತಾನದ ಎದುರು ಒಂದು, ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ಎದುರು ಇನ್ನೊಂದು. ಪಡೆದದ್ದು 4 ವಿಕೆಟ್. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅವರ ವಿಕೆಟ್‌ಗಳು 374.

ಹೀಗೇಕಾಯಿತು? ಭಟ್ಟರ ಬೌಲಿಂಗಿನಲ್ಲಿ ಕೊರತೆಯಿತ್ತೆಂದು ನಾನು ಒಪ್ಪುವುದಿಲ್ಲ. ಅವರು ನಿಂತಿದ್ದ ಸಾಲು ಬಲು ಉದ್ದವಾಗಿತ್ತು. 1970ರ ದಶಕವಿಡೀ ಎಡಗೈ ಸ್ಪಿನ್ನರನ ಸ್ಥಾನ ಬಿಷನ್ ಸಿಂಗ್ ಬೇಡಿಯವರದು. 1979ರಲ್ಲಿ ಅವರು ಹೋದರೆ ದಿಲೀಪ್ ದೋಶಿ ಬಂದರು, ಹಿಂದೆಯೇ ಬ್ಯಾಟಿಂಗನ್ನೂ ಬಲ್ಲ ರವಿ ಶಾಸ್ತ್ರಿ, ಅನಂತರ ಹದಿಹರೆಯದ ಮಣಿಂದರ್ ಸಿಂಗ್. ಬೇಡಿಯವರ ಕಾಲದಲ್ಲಿ ಹುಟ್ಟಿದ್ದೇ ದೋಷವೆಂಬಂತೆ ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದೂ ಒಂದೇ ಒಂದು ಟೆಸ್ಟ್ ಆಡಲಿಲ್ಲ. ನಮ್ಮವರೇ ಆದ ಬಿ. ವಿಜಯಕೃಷ್ಣ ಅವರಿಗೂ ಬಾಗಿಲು ತೆರೆಯಲಿಲ್ಲ. ಭರವಸೆಯ ಬೌಲರನನ್ನು ಅಳೆಯುವವರು ಅವನ ಕೈಯನ್ನಷ್ಟೇ ನೋಡುತ್ತಾರೆ. ಅವನು ಕೂರಬೇಕಾದ ಕುರ್ಚಿಯಲ್ಲಿ ಈಗ ಯಾರಿದ್ದಾರೆ, ಅವರ ವಯಸ್ಸೆಷ್ಟು ಎಂಬುದನ್ನೂ ನೋಡಬೇಕು.

ಇದಕ್ಕೆ ತೀರ ವಿರುದ್ಧವಾದ ನಿದರ್ಶನ ಬಿ.ಎಸ್. ಚಂದ್ರಶೇಖರ್. ಮೈಸೂರಿನ ಹುಡುಗ, ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗೈ ಸೊರಗಿತ್ತು. 1963-64ರಲ್ಲಿ ರಣಜಿಗೆ ಕಾಲಿಟ್ಟವರು ಅದೇ ಋತುವಿನಲ್ಲಿ, 18ನೆಯ ವಯಸ್ಸಿನಲ್ಲಿ, ಇಂಗ್ಲೆಂಡ್ ಎದುರು ಬೊಂಬಾಯಿಯಲ್ಲಿ ಟೆಸ್ಟ್ ಆಡಿದರು. ತೋರಿಸಲು ವಿಕೆಟ್‌ಗಳ ದೊಡ್ಡ ರಾಶಿಯೇನೂ ಅವರಲ್ಲಿರಲಿಲ್ಲ. ಇದ್ದದ್ದು ಬೇರೆ ಯಾರೂ ಎಸೆಯದಂಥ ಚೆಂಡು: ಲೆಗ್ ಸ್ಪಿನ್ನರನ ಕೈ, ಮಧ್ಯಮ ವೇಗಿಯ ರಭಸ. ಮುಂದೆ 58 ಟೆಸ್ಟ್‌ಗಳಲ್ಲಿ 242 ವಿಕೆಟ್. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಜಯ ತಂದುಕೊಟ್ಟರು. ವಿಕೆಟ್‌ಗಳ ಎಣಿಕೆ ಮಾತ್ರ ಹಿಡಿದಿದ್ದರೆ ಆ ಆಯ್ಕೆಗಾರರು ಇಂಥ ಹುಡುಗನನ್ನು ಇನ್ನೂ ನಾಲ್ಕು ವರ್ಷ ಕಾಯಿಸುತ್ತಿದ್ದರು.

ವೇಗದ ಬೌಲರುಗಳ ಕಥೆ ಇನ್ನೂ ಕಠಿಣ. ಮೈಸೂರಿನ ಜಾವಗಲ್ ಶ್ರೀನಾಥ್ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಹೈದರಾಬಾದ್ ಎದುರು ಹ್ಯಾಟ್ರಿಕ್ ಪಡೆದವರು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆರಂಭಿಸಿದರು. ಆದರೆ ಮೂವರು ಸ್ಪಿನ್ನರುಗಳ ಕಾಲ ಅದು, ತವರಿನಲ್ಲಿ ಟೆಸ್ಟ್ ಆಡಲು 1994ರವರೆಗೆ ಕಾಯಬೇಕಾಯಿತು. ಕೊನೆಗೆ 236 ವಿಕೆಟ್ ಅವರದಾಯಿತು. ಕಾಯುವಷ್ಟು ಕಾಲವೂ ಅವರ ವೇಗ ಉಳಿದಿತ್ತೆಂಬುದು ನಮ್ಮ ಭಾಗ್ಯ.

ಅರಸೀಕೆರೆಯ ಡೇವಿಡ್ ಜಾನ್ಸನ್ ಅವರಿಗೆ ಆ ಭಾಗ್ಯವಿರಲಿಲ್ಲ. 1995-96ರಲ್ಲಿ ಕೇರಳದ ಎದುರು ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ಪಡೆದವರು ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ಹಾಗಲ್ಲ, ಇಡೀ ಪಂದ್ಯದಲ್ಲಿ 152 ರನ್ನಿಗೆ 10. ಅದೇನೂ ಸಣ್ಣದಲ್ಲ. 1996ರಲ್ಲಿ ಗಾಯಗೊಂಡ ಶ್ರೀನಾಥರ ಸ್ಥಾನದಲ್ಲಿ ಆಸ್ಟ್ರೇಲಿಯಾ ಎದುರು ದೆಹಲಿಯಲ್ಲಿ ಒಂದು ಟೆಸ್ಟ್, ಆಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಇನ್ನೊಂದು. ಡರ್ಬನ್ನಿನ ಪಂದ್ಯದಲ್ಲಿ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಕುಂಬ್ಳೆ ಎಲ್ಲರೂ ಇದ್ದರು. ಪ್ರಸಾದ್ ಒಬ್ಬರೇ ಹತ್ತು ವಿಕೆಟ್ ಪಡೆದರು, ಭಾರತ 100 ಮತ್ತು 66ಕ್ಕೆ ಉರುಳಿತು. ಜಾನ್ಸನ್ ಮತ್ತೆಂದೂ ಟೆಸ್ಟ್ ಆಡಲಿಲ್ಲ. ಎರಡು ಪಂದ್ಯ, 3 ವಿಕೆಟ್. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನನಗೆ ತುಂಬಾ ಬೇಸರವಾಯಿತು. ಅದೇ ಪ್ರವಾಸದಲ್ಲಿ, 1997ರ ಮೊದಲ ವಾರ, ಕೇಪ್‌ಟೌನಿನಲ್ಲಿ ದೊಡ್ಡ ಗಣೇಶ್ ಆರಂಭಿಸಿದರು. ಅವರಿಗೆ ನಾಲ್ಕು ಟೆಸ್ಟ್, 5 ವಿಕೆಟ್. ಬಳಿಕ ಅವರು ವರ್ಷಗಟ್ಟಲೆ ಕರ್ನಾಟಕಕ್ಕಾಗಿ ದುಡಿದರು, ಪ್ರಥಮ ದರ್ಜೆಯಲ್ಲಿ 365 ವಿಕೆಟ್ ಗಳಿಸಿದರು. ಭಾರತದ ಕರೆ ಬಂದದ್ದು ಬೆಳೆಯುವ ಮುನ್ನ, ಬೆಳೆದ ಮೇಲೆ ಯಾರೂ ತಿರುಗಿ ನೋಡಲಿಲ್ಲ.

ದಾವಣಗೆರೆಯ ವಿನಯ್ ಕುಮಾರ್ ಅವರದಂತೂ ನಮ್ಮ ಚರ್ಚೆಗೆ ಹೇಳಿ ಮಾಡಿಸಿದ ಉದಾಹರಣೆ. ಪ್ರಥಮ ದರ್ಜೆಯಲ್ಲಿ 504 ವಿಕೆಟ್. 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕ. ಎರಡನೆಯ ಫೈನಲ್ಲಿನಲ್ಲಿ ತಮಿಳುನಾಡಿನ ಎದುರು ಐದು ವಿಕೆಟ್ ಪಡೆದು ಶತಕವನ್ನೂ ಹೊಡೆದರು. ಟೆಸ್ಟ್ ಮಾತ್ರ ಒಂದೇ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ 13 ಓವರಿಗೆ 73 ರನ್, ಒಂದು ವಿಕೆಟ್. ಡೇವಿಡ್ ವಾರ್ನರ್ ಅಂದು 180 ಬಾರಿಸಿದರು. ನಮ್ಮ ಬೆಳಗಿನ ತೇವದ ಪಿಚ್‌ಗಳಲ್ಲಿ ಚೆಂಡನ್ನು ಎರಡೂ ಕಡೆ ಹೊರಳಿಸುವ ವಿನಯ್ ಅವರ ವಿದ್ಯೆ ನಿಜವಾದದ್ದು. ಆದರೆ ಚೆಂಡು ಹೊರಳದ ದಿನ ಕೈಹಿಡಿಯುವ ವೇಗವಾಗಲಿ ಎತ್ತರದ ಪುಟಿತವಾಗಲಿ ಅವರಲ್ಲಿರಲಿಲ್ಲ. ಅವರನ್ನು ಅತ್ಯಂತ ಗೌರವದಿಂದ ಕಾಣುವವನಾಗಿಯೇ ಇದನ್ನು ಹೇಳುತ್ತಿದ್ದೇನೆ. ಒಂದೇ ಟೆಸ್ಟಿನಲ್ಲಿ ಯಾರನ್ನಾದರೂ ತೂಗಿ ಬದಿಗಿಡುವುದು ನ್ಯಾಯವಲ್ಲ ಎಂಬುದೂ ನಿಜ. ಪ್ರಸಿದ್ಧ್ ಕೃಷ್ಣ ಅವರ ಮೊದಲ ಎರಡು ಟೆಸ್ಟ್‌ಗಳಲ್ಲಿಯೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೆ ಎತ್ತರ ಮತ್ತು ಪುಟಿತವಿದ್ದ ಕಾರಣ ಮರಳಿ ಕರೆ ಬಂತು. 2025ರ ಆಗಸ್ಟಿನಲ್ಲಿ ಭಾರತ ಆರು ರನ್ನಿಂದ ಗೆದ್ದ ಓವಲ್ ಟೆಸ್ಟಿನಲ್ಲಿ ಅವರಿಗೆ ಎಂಟು ವಿಕೆಟ್ ದಕ್ಕಿತು.

ಈಗ ನಮ್ಮ ಕಡೆಯ ಮಾತು. 1956ಕ್ಕೆ ಮೊದಲು ನಾವು ನಿಜಾಮರ ಸೀಮೆಯವರು. ಹೈದರಾಬಾದ್ ತಂಡ 1937-38ರಲ್ಲಿಯೇ ರಣಜಿ ಗೆದ್ದಿತ್ತು, ಆದರೆ ಆ ಆಟ ನಗರದ ಆಟ, ದೋರನಹಳ್ಳಿಯ ಎರೆಹೊಲಕ್ಕೆ ಅದರ ಸದ್ದು ತಲುಪಿರಲಿಲ್ಲ. ಏಕೀಕರಣದ ತರುವಾಯ ನಮ್ಮ ಮುಖ ಬೆಂಗಳೂರಿನತ್ತ ತಿರುಗಿತು. ಅದು ಐನೂರು ಕಿಲೋಮೀಟರ್ ಆಸುಪಾಸಿನ ಹಾದಿ. ಉತ್ತರ ಕರ್ನಾಟಕದ ಹುಡುಗನಿಗೆ ದಾರಿಯೇ ಇಲ್ಲವೆಂದಲ್ಲ. ಗದುಗಿನ ಸುನಿಲ್ ಜೋಶಿ ಶಾಲೆಯ ದಿನಗಳಲ್ಲಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಗಂಟೆ ಹೊಡೆಯುವಷ್ಟರಲ್ಲಿ ಗದುಗಿನ ಶಾಲೆಗೆ ಮರಳುತ್ತಿದ್ದರು. ಅವರು 15 ಟೆಸ್ಟ್ ಆಡಿದರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಹತ್ತು ಓವರಿನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಪಡೆದರು, 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಗಮನಿಸಿ, ಅವರು ಶಾಲೆ ಬಿಡಲಿಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ಹೇಳುವುದಿಷ್ಟು: ಹೊಲ ಮಾರಬೇಡ. ಹುಡುಗ ಹತ್ತನೆಯ ತರಗತಿ ಮುಗಿಸಲಿ. ಟೆನಿಸ್ ಚೆಂಡಿನಲ್ಲಿ ಊರೂರು ಗೆದ್ದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ರಾಯಚೂರು ವಲಯದ ಆಯ್ಕೆಗೆ ಕಳುಹಿಸು, ತೊಗಲಿನ ಚೆಂಡು ಕೊಡಿಸು. ಅಲ್ಲಿ ಎಷ್ಟು ವಿಕೆಟ್ ಬಿತ್ತು ಎಂದು ಕೇಳುವುದಕ್ಕಿಂತ, ಚೆಂಡು ಹಳೆಯದಾದ ಮೇಲೆ, ಮಧ್ಯಾಹ್ನದ ಮೂರನೆಯ ಸರದಿಯಲ್ಲಿ, ಒಳ್ಳೆಯ ಬ್ಯಾಟರ್ ಅವನನ್ನು ಹೇಗೆ ಆಡಿದ ಎಂದು ಕೇಳು.

ಇದೇ ಪ್ರಶ್ನೆಯನ್ನು ನಾನು ಕೊಡಗಿನ ವಿದ್ವತ್ ಕಾವೇರಪ್ಪ ಅವರ ವಿಷಯದಲ್ಲಿಯೂ ಕೇಳುತ್ತಿರುತ್ತೇನೆ. 2023ರ ದುಲೀಪ್ ಟ್ರೋಫಿ ಫೈನಲ್ಲಿನಲ್ಲಿ ಪಶ್ಚಿಮ ವಲಯದ ಎದುರು 53 ರನ್ನಿಗೆ 7 ವಿಕೆಟ್ ಪಡೆದಾಗ ಅವರಿಗೆ 24 ವರ್ಷ. ಹೊಸ ಚೆಂಡಿನ ಚಲನೆ ಅವರಲ್ಲಿ ಸೊಗಸಾಗಿದೆ, ಎತ್ತರವೂ ಇದೆ. ಅವರು ವಿನಯ್ ಅವರ ಹಾದಿಯಲ್ಲಿದ್ದಾರೋ ಪ್ರಸಿದ್ಧ್ ಅವರ ಹಾದಿಯಲ್ಲಿದ್ದಾರೋ ಎಂಬುದನ್ನು ಮೊದಲ ಹತ್ತು ಓವರು ನೋಡಿ ನಿರ್ಧರಿಸಲಾಗದು. ನಾನು ಅವರ ಅಂಕಿಪಟ್ಟಿಯಲ್ಲಿ ಮೊದಲು ಹುಡುಕುವುದು ಅರವತ್ತನೆಯ ಓವರಿನ ನಂತರದ ವಿಕೆಟ್‌ಗಳನ್ನು.