ಪಂಕ್ತಿಯ ಕೊನೆಯ ಎಲೆ

ಮದುವೆಯೂಟ ಚೆನ್ನಾಗಿತ್ತೆಂದರೆ ಹೊಗಳಿಕೆಯೆಲ್ಲ ಅಡುಗೆ ಭಟ್ಟರಿಗೆ ಸಲ್ಲುತ್ತದೆ. ಬಡಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಪಂಕ್ತಿಯ ಕೊನೆಯ ಎಲೆಯ ಹೋಳಿಗೆಗೆ ತುಪ್ಪ ಬಿತ್ತೋ ಇಲ್ಲವೋ ಎಂಬುದು ಭಟ್ಟರ ಕೈಯಲ್ಲಿಲ್ಲ, ಸೌಟು ಹಿಡಿದು ಬಗ್ಗಿ ನಡೆಯುವವರ ಕೈಯಲ್ಲಿದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತ ಬಂದ ನನಗೆ ಇತಿಹಾಸದ ಪುಸ್ತಕಗಳೂ ಹೀಗೇ ಅನಿಸುತ್ತವೆ. ಅಲ್ಲಿರುವುದೆಲ್ಲ ಭಟ್ಟರ ಹೆಸರುಗಳು. ದೂರವಾಣಿಗೆ ಒಬ್ಬರು, ರೇಡಿಯೋಗೆ ಒಬ್ಬರು, ವಿದ್ಯುದ್ದೀಪಕ್ಕೆ ಒಬ್ಬರು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು.

ನಾವೀಗ ಕೈಯಲ್ಲಿ ಹಿಡಿದು ತಿರುಗುವ ಫೋನಿನೊಳಗಿನ ವೆಬ್ ಎಂಬುದಕ್ಕೂ ಅಂಥ ಒಂದು ಅಂಕದ ಉತ್ತರವಿದೆ: ಟಿಮ್ ಬರ್ನರ್ಸ್-ಲೀ. ಉತ್ತರ ತಪ್ಪಲ್ಲ. ಆದರೆ ಬೇಸಿಗೆ ರಜೆಗೆ ಮನೆಗೆ ಬಂದ ನನ್ನ ತಂಗಿಯ ಮಗಳು ಆ ಉತ್ತರವನ್ನು ಉದ್ದ ಮಾಡಿದಳು. ಅವಳು ಓದುವ ವಿಶ್ವವಿದ್ಯಾಲಯದಲ್ಲಿ ವೆಬ್ ತಂತ್ರಜ್ಞಾನದ ಹುಚ್ಚು ಹತ್ತಿದ ಹುಡುಗ ಹುಡುಗಿಯರ ಒಂದು ಗುಂಪಿದೆ. ತರಗತಿ ಮುಗಿದ ಮೇಲೆ ಸೇರುತ್ತಾರೆ. ಅಂಕವಿಲ್ಲ, ಹಾಜರಿಯಿಲ್ಲ. ವೆಬ್ ಪುಟಗಳನ್ನು ಕಟ್ಟುತ್ತಾರೆ, ಕಟ್ಟಿದ್ದನ್ನು ಏನೂ ತಿಳಿಯದವರ ಕೈಗೆ ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆಂದು ನೋಡುತ್ತಾರೆ. ಈ ವಿದ್ಯೆಗೆ ಯೂಸರ್ ಎಕ್ಸ್‌ಪೀರಿಯೆನ್ಸ್ ಎಂದು ಹೆಸರು. “ಬಳಸುವವರ ಅನುಭವ ಅಂತ ಅರ್ಥ, ದೊಡ್ಡಮ್ಮ” ಎಂದಳು. ಅಂಕವಿಲ್ಲದೆ ಮಕ್ಕಳು ಕೆಲಸ ಮಾಡುತ್ತಾರೆಯೇ ಎಂದು ನಾನು ಟೀಚರ ಬುದ್ಧಿಯಲ್ಲಿ ಕೇಳಿದೆ. “ವೆಬ್ಬು ಬೆಳೆದದ್ದೇ ಹಾಗೆ” ಎಂದು ನಕ್ಕಳು. ಆ ಮಾತಿನ ಬೆನ್ನು ಹಿಡಿದು ಓದುತ್ತ ಹೋದಾಗ ಸಿಕ್ಕ ಕಥೆಯಿದು.

ಸ್ವಿಟ್ಜರ್ಲೆಂಡಿನ ಜಿನೀವಾದ ಬಳಿ ಸರ್ನ್ ಎಂಬ ದೊಡ್ಡ ಭೌತವಿಜ್ಞಾನ ಸಂಶೋಧನಾ ಕೇಂದ್ರವಿದೆ. ನಾನಾ ದೇಶಗಳ ವಿಜ್ಞಾನಿಗಳು, ನಾನಾ ಬಗೆಯ ಕಂಪ್ಯೂಟರುಗಳು. ಆಗ ಒಂದು ಯಂತ್ರದ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅವುಗಳಲ್ಲಿ ಚದುರಿಹೋದ ಮಾಹಿತಿಯನ್ನೆಲ್ಲ ಕೊಂಡಿಗಳಿಂದ ಹೆಣೆಯೋಣವೆಂದು 1989ರ ಮಾರ್ಚ್‌ನಲ್ಲಿ ಬರ್ನರ್ಸ್-ಲೀ ಒಂದು ಪ್ರಸ್ತಾವ ಬರೆದರು. 1990ರ ಕೊನೆಯ ಹೊತ್ತಿಗೆ ಮೊದಲ ಬ್ರೌಸರ್, ಅಂದರೆ ವೆಬ್ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ, ಸಿದ್ಧವಾಯಿತು. ಮೌಸ್ ಒತ್ತಿದರೆ ಪುಟದಿಂದ ಪುಟಕ್ಕೆ ಜಿಗಿಯಬಹುದಿತ್ತು. ಆದರೆ ಅದು ನಡೆಯುತ್ತಿದ್ದುದು ನೆಕ್ಸ್ಟ್ ಎಂಬ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ. ಅಂಥದ್ದು ಎಷ್ಟು ಜನರ ಮೇಜಿನ ಮೇಲಿದ್ದೀತು? ಅಡುಗೆಯೇನೋ ಆಗಿತ್ತು, ಹಾಕಿದ ಎಲೆ ಮಾತ್ರ ಒಂದೆರಡು.

ಆಗ ಬಂದವರು ನಿಕೋಲಾ ಪೆಲ್ಲೋ. ಇಂಗ್ಲೆಂಡಿನ ಲೆಸ್ಟರ್ ಪಾಲಿಟೆಕ್ನಿಕ್‌ನ ಗಣಿತ ವಿದ್ಯಾರ್ಥಿನಿ. ಓದಿನ ನಡುವೆ ಕೆಲಸ ಕಲಿಯಲೆಂದು 1990ರಲ್ಲಿ ಸರ್ನ್ ಸೇರಿದ್ದರು. ಯಾವ ಕಂಪ್ಯೂಟರಿನಲ್ಲಾದರೂ ನಡೆಯುವ ಒಂದು ಸರಳ ಬ್ರೌಸರ್ ಬರೆಯುವ ಕೆಲಸ ಅವರ ಪಾಲಿಗೆ ಬಂತು. ಅವರು ಬರೆದ ‘ಲೈನ್ ಮೋಡ್ ಬ್ರೌಸರ್’ನಲ್ಲಿ ಚಿತ್ರವಿಲ್ಲ, ಮೌಸಿನ ಹಂಗಿಲ್ಲ. ಬರಹ ಸಾಲುಸಾಲಾಗಿ ಪರದೆಯ ಮೇಲೆ ಮೂಡುತ್ತದೆ. ಕೊಂಡಿಯಿರುವ ಪದದ ಪಕ್ಕದಲ್ಲಿ ಒಂದು ಅಂಕಿ. ಆ ಅಂಕಿಯನ್ನು ಟೈಪು ಮಾಡಿದರೆ ಆ ಪುಟ ತೆರೆಯುತ್ತದೆ, ಅಷ್ಟೆ. ಎಂಥ ಹಳೆಯ ಯಂತ್ರದ ಮುಂದೆ ಕೂತವರಿಗೂ ಅದು ಸಾಕಾಗಿತ್ತು. ಸರ್ನ್‌ನಲ್ಲಿ ಮೊದಮೊದಲು ಜನ ವೆಬ್ ಬಳಸಿದ್ದು ಯಾವುದಕ್ಕೆ ಗೊತ್ತೆ? ಮಹಾ ಸಂಶೋಧನೆಗಲ್ಲ, ಅಲ್ಲಿನ ಟೆಲಿಫೋನ್ ಡೈರೆಕ್ಟರಿ ನೋಡುವುದಕ್ಕೆ! ದಿನಬಳಕೆಗೆ ಒದಗಿದ್ದೇ ಮನೆಯೊಳಗೆ ನಿಲ್ಲುತ್ತದೆ ಎಂಬುದು ನಮಗೇನು ಹೊಸ ಮಾತಲ್ಲವಲ್ಲ.

ಬರ್ನರ್ಸ್-ಲೀ ಮತ್ತು ಅವರ ಜೊತೆಗಾರ ರಾಬರ್ಟ್ ಕಾಯೋ ಅವರಿಗೆ ದುಡ್ಡೂ ಇರಲಿಲ್ಲ, ಕೈಯಾಳೂ ಇರಲಿಲ್ಲ. ಅವರು ವಿಶ್ವವಿದ್ಯಾಲಯಗಳ ಕಡೆ ತಿರುಗಿದರು. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಇದನ್ನೇ ತಮ್ಮ ಓದಿನ ಯೋಜನೆಯಾಗಿ ತೆಗೆದುಕೊಂಡು 1992ರ ಏಪ್ರಿಲ್‌ನಲ್ಲಿ ‘ಎರ್ವೈಸ್’ ಎಂಬ ಬ್ರೌಸರ್ ಹೊರತಂದರು. ನಾಲ್ವರಲ್ಲಿ ಒಬ್ಬರು ಕಾಟಿ ಸುಒಮಿನೆನ್ ಎಂಬ ಹೆಣ್ಣುಮಗಳು. ಪುಟದಲ್ಲಿ ಬೇಕಾದ ಪದವನ್ನು ಹುಡುಕುವ ಸೌಲಭ್ಯವೂ ಅದರಲ್ಲಿತ್ತು. ಆದರೆ ಆಗ ಫಿನ್‌ಲೆಂಡಿನಲ್ಲಿ ಆರ್ಥಿಕ ಮುಗ್ಗಟ್ಟು. ಪದವಿ ಮುಗಿಯಿತು, ಹಣ ಕೊಡುವವರಿಲ್ಲ, ಗುಂಪು ಚದುರಿತು. ಬೇರೆಯವರು ಮುಂದುವರಿಸೋಣವೆಂದರೆ ವಿವರಣೆಯೆಲ್ಲ ಫಿನ್ನಿಶ್ ಭಾಷೆಯಲ್ಲಿತ್ತು! ಬೇಯುತ್ತಿದ್ದ ಹಾಲನ್ನು ಒಲೆಯಿಂದ ಇಳಿಸಿಬಿಟ್ಟ ಹಾಗಾಯಿತು.

ಅದೇ ವರ್ಷ ಅಮೆರಿಕದ ಬರ್ಕ್‌ಲಿಯಲ್ಲಿ ಇನ್ನೊಂದು ಗುಂಪು ಕೆಲಸ ಮಾಡುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳು 1986ರಲ್ಲಿ ಕಟ್ಟಿಕೊಂಡ ಈ ಕೂಟಕ್ಕೆ ಎಕ್ಸ್‌ಪೆರಿಮೆಂಟಲ್ ಕಂಪ್ಯೂಟಿಂಗ್ ಫೆಸಿಲಿಟಿ, ಚಿಕ್ಕದಾಗಿ ಎಕ್ಸ್‌ಸಿಎಫ್, ಎಂದು ಹೆಸರು. ನಮ್ಮ ಹುಡುಗಿಯ ಗುಂಪಿನ ಹಿರಿಯಕ್ಕ ಎನ್ನಬಹುದು. 1988ರ ನವೆಂಬರಿನಲ್ಲಿ ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳಿಗೆ ಮಾರಿಸ್ ವರ್ಮ್ ಎಂಬ ಪಿಡುಗು ಹತ್ತಿದಾಗ ಅದರ ಹೊಟ್ಟೆ ಬಗೆದು ಗುಟ್ಟು ಹುಡುಕಿದವರಲ್ಲಿ ಈ ಹುಡುಗರೂ ಇದ್ದರು. ತೈವಾನ್ ಮೂಲದ ಪೇ-ಯುವಾನ್ ವೇ ಎಂಬ ವಿದ್ಯಾರ್ಥಿ ಈ ಕೂಟದಲ್ಲಿದ್ದುಕೊಂಡು 1992ರಲ್ಲಿ ‘ವಯೋಲಾ’ ಬ್ರೌಸರ್ ಹೊರತಂದರು. ಮೌಸ್ ಹಿಡಿದು ಪುಟಗಳಲ್ಲಿ ಹಿಂದೆ ಮುಂದೆ ಓಡಾಡಬಹುದು, ಪುಟದೊಳಗೇ ಪುಟ್ಟ ಪ್ರೋಗ್ರಾಮುಗಳನ್ನು ನಡೆಸಬಹುದು. ಸರ್ನ್‌ನವರೇ ಸ್ವಲ್ಪ ಕಾಲ ಇದನ್ನು ಬಳಸಿರೆಂದು ಶಿಫಾರಸು ಮಾಡಿದರು.

ಈ ಸಂಜೆಯ ಕೆಲಸ ಮುಂದೆ ಎಲ್ಲಿ ಒದಗಿತು ನೋಡಿ. ಪುಟದೊಳಗೆ ಪ್ರೋಗ್ರಾಮು ನಡೆಸುವ ವಿದ್ಯೆ ತನ್ನ ಸ್ವತ್ತೆಂದು ಒಂದು ಕಂಪನಿ ಪೇಟೆಂಟ್ ಹಿಡಿದು ದೊಡ್ಡ ದೊಡ್ಡ ಸಂಸ್ಥೆಗಳ ಮೇಲೆ ದಾವೆ ಹೂಡಿತು. 2012ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನ ಟೈಲರ್ ಎಂಬ ಊರಿನ ನ್ಯಾಯಾಲಯದಲ್ಲಿ ಪೇ-ಯುವಾನ್ ವೇ ಸಾಕ್ಷಿ ಹೇಳಿದರು. ಬರ್ನರ್ಸ್-ಲೀ ಅವರೂ ಬಂದು ಹೇಳಿದರು. ಆ ಪೇಟೆಂಟುಗಳು ಊರ್ಜಿತವಲ್ಲವೆಂದು ಜ್ಯೂರಿ ತೀರ್ಮಾನಿಸಿತು. ಹಾಗಾಗದೇ ಇದ್ದಿದ್ದರೆ ಪುಟ ಕಟ್ಟುವವರು ಆ ಕಂಪನಿಗೆ ಸುಂಕ ತೆರುವ ಕಾಲ ಬರುತ್ತಿತ್ತೋ ಏನೋ.

ಸುಂಕದ ಮಾತು ಸುಮ್ಮನೆ ಎತ್ತಲಿಲ್ಲ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದವರು 1991ರಲ್ಲಿ ‘ಗೋಫರ್’ ಎಂಬ ಇನ್ನೊಂದು ಮಾಹಿತಿ ವ್ಯವಸ್ಥೆ ಕಟ್ಟಿದ್ದರು. ಮೊದಲಲ್ಲಿ ಅದು ವೆಬ್ಬಿಗಿಂತ ಜನಪ್ರಿಯವಾಗಿತ್ತು. 1993ರಲ್ಲಿ ಆ ವಿಶ್ವವಿದ್ಯಾಲಯ ಕೆಲವು ಬಗೆಯ ಬಳಕೆಗೆ ಶುಲ್ಕ ಕೇಳುವುದಾಗಿ ಹೇಳಿತು, ಜನ ಹಿಂಜರಿದರು. ಅದೇ ವರ್ಷ ಏಪ್ರಿಲ್ 30ರಂದು ಸರ್ನ್ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಿ, ಹಣ ಬೇಡ ಎಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಗೋಫರ್ ಸೊರಗಿತು, ವೆಬ್ ಹಬ್ಬಿತು.

ಹಬ್ಬಿಸಿದವರೂ ಬಹುಪಾಲು ವಿದ್ಯಾರ್ಥಿಗಳೇ. ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ವಿದ್ಯಾರ್ಥಿ ಮಾರ್ಕ್ ಆಂಡ್ರೀಸನ್ ಮತ್ತು ಅಲ್ಲಿನ ಉದ್ಯೋಗಿ ಎರಿಕ್ ಬೀನಾ 1993ರ ಜನವರಿಯಲ್ಲಿ ‘ಮೊಸಾಯಿಕ್’ ಹೊರತಂದರು. ವರ್ಷ ಮುಗಿಯುವುದರೊಳಗೆ ಅದು ಮನೆಯ ಸಾಮಾನ್ಯ ಕಂಪ್ಯೂಟರುಗಳಿಗೂ ಬಂತು. ಬರಹದ ನಡುವೆಯೇ ಚಿತ್ರ ಕಾಣುವುದನ್ನು ಜನರಿಗೆ ರೂಢಿ ಮಾಡಿಸಿದ್ದು ಅದೇ. ಇತಿಹಾಸದಲ್ಲಿ ಅದಕ್ಕೆ ದೊಡ್ಡ ಹೆಸರು.

ನನಗೆ ಅದಕ್ಕಿಂತ ಪ್ರೀತಿ ಹುಟ್ಟಿಸಿದ್ದು ಕ್ಯಾನ್ಸಸ್ ವಿಶ್ವವಿದ್ಯಾಲಯದ ‘ಲಿಂಕ್ಸ್’. 1992ರಲ್ಲಿ ತಮ್ಮ ವಿಶ್ವವಿದ್ಯಾಲಯದ ಮಾಹಿತಿಗಾಗಿ ಅಲ್ಲಿನವರು ಕಟ್ಟಲು ತೊಡಗಿದ, ಬರೀ ಅಕ್ಷರ ತೋರಿಸುವ ತಂತ್ರಾಂಶ. ಮುಂದೆ ವೆಬ್ ಪುಟಗಳನ್ನೂ ತೆರೆಯತೊಡಗಿತು. ಚಿತ್ರವಿಲ್ಲದ್ದನ್ನು ಯಾರು ಕೇಳುತ್ತಾರೆ ಎಂದಿರಾ? ಕಣ್ಣು ಕಾಣದವರು ಕೇಳಿದರು. ಬರೀ ಅಕ್ಷರವಾದ್ದರಿಂದ ಓದಿ ಹೇಳುವ ಯಂತ್ರಕ್ಕೆ ಅದು ಸುಲಭವಾಗಿ ಒಗ್ಗಿತು. ನಮ್ಮ ದೇಶದವರಿಗೂ ಅದರ ಋಣವಿದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಚಿತ್ರ ಬಾರದ, ಅಕ್ಷರ ಮಾತ್ರದ ಸಂಪರ್ಕ ಅಗ್ಗವಾಗಿತ್ತು. ಅದನ್ನು ಕೊಂಡ ಅನೇಕರು ವೆಬ್ ನೋಡಿದ್ದು ಇದೇ ಲಿಂಕ್ಸ್ ಕಿಟಕಿಯಿಂದ.

ಬಳಸುವವರ ಅನುಭವ ಎಂಬ ಮಾತಿಗೆ ಬರೋಣ. ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾನ್ ನಾರ್ಮನ್ ಎಂಬ ಮನೋವಿಜ್ಞಾನದ ಪ್ರಾಧ್ಯಾಪಕರಿದ್ದರು. ದಿನಬಳಕೆಯ ವಸ್ತುಗಳ ಬಗ್ಗೆ 1988ರಲ್ಲಿ ಒಂದು ಪುಸ್ತಕ ಬರೆದರು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲ ಮುಂದೆ ನಿಂತು ಜನ ಪೆಚ್ಚಾದರೆ ತಪ್ಪು ಜನರದ್ದಲ್ಲ, ಬಾಗಿಲು ಮಾಡಿದವರದ್ದು ಎಂಬುದು ಅವರ ವಾದದ ತಿರುಳು. 1993ರಲ್ಲಿ ಆಪಲ್ ಕಂಪನಿ ಸೇರಿದ ಮೇಲೆ ಈ ಯೂಸರ್ ಎಕ್ಸ್‌ಪೀರಿಯೆನ್ಸ್ ಎಂಬ ಮಾತನ್ನು ತಮ್ಮ ಹುದ್ದೆಯ ಹೆಸರಿಗೇ ಸೇರಿಸಿಕೊಂಡು ಬಳಕೆಗೆ ತಂದರು. ಕನ್ನಡದಲ್ಲಿ ಈ ಕಾಳಜಿಯಿಂದ ಕೆಲಸ ಮಾಡಿದವರು ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರಗಳನ್ನು ಹೊಂದಿಸಿದರು. ನಮ್ಮ ಬೆರಳುಗಳಿಗೆ ಕನ್ನಡ ಬಂದದ್ದು ಹಾಗೆ.

ನಾರ್ಮನ್ ಹೇಳಿದ ಬಾಗಿಲುಗಳ ಮುಂದೆ ಈಗ ನಾವೆಲ್ಲ ದಿನವೂ ನಿಲ್ಲುತ್ತೇವೆ. ಪಿಂಚಣಿ, ಗ್ಯಾಸ್, ಮಕ್ಕಳ ಅಂಕಪಟ್ಟಿ, ಎಲ್ಲವೂ ಪರದೆಯ ಆಚೆಗಿವೆ. ನಮ್ಮ ಎದುರು ಮನೆಯ ಅಜ್ಜಿ ತಮ್ಮ ಪಿಂಚಣಿ ಬಂತೇ ಎಂದು ತಿಳಿಯಲು ಮೊಮ್ಮಗನ ಮುಂದೆ ಫೋನು ಹಿಡಿದು ನಿಲ್ಲುತ್ತಾರೆ. “ನಿಂಗೆ ಇಷ್ಟೂ ಗೊತ್ತಾಗಲ್ವಾ ಅಜ್ಜಿ?” ಎಂದು ಅವನು ಗದರುತ್ತಾನೆ. ಐವತ್ತು ವರ್ಷ ಮನೆಯ ಲೆಕ್ಕವನ್ನು ಬಾಯಲ್ಲೇ ಹಿಡಿದ ಹೆಂಗಸು ತಲೆ ತಗ್ಗಿಸುತ್ತಾರೆ. ನಾನೇ ಒಮ್ಮೆ ವಿದ್ಯಾರ್ಥಿನಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತಿದ್ದೆ. ಅವಳ ತಾಯಿ ಕೂಲಿ ಬಿಟ್ಟು ಬಂದಿದ್ದರು. ಕಾಗದಗಳನ್ನೆಲ್ಲ ಹುಡುಕಿ ತುಂಬುವಷ್ಟರಲ್ಲಿ ಅವಧಿ ಮುಗಿಯಿತೆಂದು ಆ ಜಾಲತಾಣ ಬರೆದದ್ದನ್ನೆಲ್ಲ ನುಂಗಿಬಿಟ್ಟಿತು. ಹಾಗೆ ಮೂರು ಸಲ. ಕೊನೆಗೆ ಆ ತಾಯಿ, “ಹೋಗ್ಲಿ ಬಿಡಿ ಟೀಚರೆ, ನಮ್ಮ ಹಣೇಲಿಲ್ಲ” ಎಂದರು. ಹಣೆಬರಹ ಎಲ್ಲಿಂದ ಬಂತು? ಅದನ್ನು ಯಾರೋ ಮೇಜಿನ ಮುಂದೆ ಕೂತು ಬರೆದಿದ್ದಾರೆ, ಅವರೇ ತಿದ್ದಬಹುದು.

ನಮ್ಮ ಹುಡುಗಿ ತಿದ್ದುವುದನ್ನು ನಾನು ಕಣ್ಣಾರೆ ಕಂಡೆ. ಅವಳ ಗುಂಪು ಕಟ್ಟುತ್ತಿದ್ದ ಒಂದು ಪುಟವನ್ನು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತಳು. ಆಕೆ ಎರಡು ಕ್ಷಣ ನೋಡಿ, ಮೂಲೆಯಲ್ಲಿದ್ದ ಮೂರು ಅಡ್ಡಗೆರೆಯ ಮೇಲೆ ಬೆರಳಿಟ್ಟು, “ಇದೇನಮ್ಮ, ವಿಭೂತಿ ಹಚ್ಚಿದ್ದೀರಾ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಹುಡುಗಿ ನಗಲಿಲ್ಲ, ಬರೆದುಕೊಂಡಳು. ಅಲ್ಲಿ ಒತ್ತಿದರೆ ಪಟ್ಟಿ ತೆರೆಯುತ್ತದೆಂಬ ಆ ಗುರುತನ್ನು ನಾರ್ಮ್ ಕಾಕ್ಸ್ ಎಂಬವರು 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ಬರೆದದ್ದಂತೆ. ಲೋಕವೆಲ್ಲ ಬಳಸುವ ಗುರುತು ನಮ್ಮ ಅಡುಗೆಯಾಕೆಯ ಪಾಲಿಗೆ ವಿಭೂತಿ! ಮರುದಿನ ಆ ಗೆರೆಗಳ ಜಾಗದಲ್ಲಿ ‘ಪಟ್ಟಿ’ ಎಂಬ ಕನ್ನಡ ಪದವಿತ್ತು.

ಬರ್ಕ್‌ಲಿಯ ಆ ಕೂಟದಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ‘ಗಿಂಪ್’ ಎಂಬ, ಚಿತ್ರ ತಿದ್ದುವ ತಂತ್ರಾಂಶ ಬರೆಯತೊಡಗಿದರು. ಇವತ್ತಿಗೂ ಅದು ಲೋಕಕ್ಕೆ ಉಚಿತ. ಅದರಲ್ಲಿ ಚಿತ್ರವನ್ನು ಉಳಿಸಿಟ್ಟರೆ ಕಡತದ ಹೆಸರಿನ ಬಾಲಕ್ಕೆ ಎಕ್ಸ್‌ಸಿಎಫ್ ಎಂಬ ಮೂರಕ್ಷರ ಅಂಟಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದೊಂದು ವಿದ್ಯಾರ್ಥಿ ಕೂಟದ ಹೆಸರೆಂಬುದೇ ತಿಳಿದಿರಲಾರದು. ಬಡಿಸಿದವರ ಹೆಸರು ಉಳಿಯುವುದು ಹೀಗೇ, ಎಲ್ಲೋ ಸೆರಗಿನ ಅಂಚಿನಲ್ಲಿ. ಈಗ ನಾನು ತರಗತಿಯಲ್ಲಿ ವೆಬ್ಬಿನ ಮಾತು ಬಂದಾಗ ಬರ್ನರ್ಸ್-ಲೀ ಹೆಸರಿನ ಜೊತೆ ನಿಕೋಲಾ ಪೆಲ್ಲೋ ಹೆಸರನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಟೀಚರ್ ಎಂದು ಮಕ್ಕಳು ಕೇಳುತ್ತಾರೆ. ಬರುವುದಿಲ್ಲ, ಬರೆದುಕೊಳ್ಳಿ ಎನ್ನುತ್ತೇನೆ.

ಇನ್ನು ನಮ್ಮ ನಿಮ್ಮ ಪಾಲಿನ ಕೆಲಸ ಒಂದಿದೆ. ಪಂಕ್ತಿಯಲ್ಲಿ ಕೂತಾಗ “ಇತ್ತ ಸಾರು ಬರಲಿಲ್ಲ” ಎಂದು ಕೂಗಲು ನಮಗೆ ಯಾವ ನಾಚಿಕೆಯೂ ಇಲ್ಲ. ಫೋನಿನ ಮುಂದೆ ಕೂತಾಗ ಮಾತ್ರ “ನನಗೆ ಬರುವುದಿಲ್ಲ” ಎಂದು ಸುಮ್ಮನಾಗುತ್ತೇವೆ. ಅಲ್ಲೂ ಕೂಗೋಣ. ಕೇಳಿಸಿಕೊಂಡು ಸೌಟು ಹಿಡಿದು ಬರುವ ಮಕ್ಕಳು ಇದ್ದಾರೆ.