ಬೇಲಿಯೇ ಹೊಲ ಮೇಯ್ದಾಗ

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಯ ಗೋಡೆಯಲ್ಲೂ ಇಂಥದೇ ಕ್ರಿಯೆ ನಡೆಯಬಲ್ಲುದೇ? ವಿಜ್ಞಾನಿಗಳು ಈ ಪ್ರಶ್ನೆಯನ್ನು ಒಂದೂವರೆ ಶತಮಾನ ಚರ್ಚಿಸಿದ್ದಾರೆ.

1850ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ, ಅಪಧಮನಿಗಳು ಗಡುಸಾಗಲು ಉರಿಯೂತವೇ ಕಾರಣವೆಂದರು. ವಿಯೆನ್ನಾದ ಕಾರ್ಲ್ ರೋಕಿಟಾನ್ಸ್ಕಿ ಒಪ್ಪಲಿಲ್ಲ. ರಕ್ತದಲ್ಲಿನ ವಸ್ತುಗಳು ಗೋಡೆಗೆ ಮೆತ್ತಿಕೊಳ್ಳುವುದು ಮೊದಲು, ಉರಿಯೂತ ಆಮೇಲಿನದು ಎಂಬುದು ಅವರ ವಾದ.

1867ರಲ್ಲಿ ವಿರ್ಖೋ ಅವರ ಶಿಷ್ಯ ಯೂಲಿಯಸ್ ಕೋನ್‌ಹೈಮ್, ಕಪ್ಪೆಯ ಕರುಳಿನ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉರಿಯೂತವಾದೆಡೆ ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿ, ನುಸುಳಿ ಹೊರಬರುತ್ತಿದ್ದವು. 1882ರಲ್ಲಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿದರು. ಅದರ ಅಲೆಮಾರಿ ಜೀವಕೋಶಗಳು ಮುಳ್ಳನ್ನು ಸುತ್ತುವರಿದವು. ಹೀಗೆ ಈ ಭಕ್ಷಕ ಕೋಶಗಳು ದೇಹದ ಕಾವಲುಗಾರರೆಂಬ ತಿಳಿವು ಮೂಡಿತು.

1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್‌ಕಾವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿದರು. ಅವುಗಳ ಅಪಧಮನಿಗಳಲ್ಲಿ ಕೊಬ್ಬು ತುಂಬಿ ಉಬ್ಬಿದ ಜೀವಕೋಶಗಳು ಕಂಡವು. ಆದರೆ ಮುಂದೆ ಬಹುಕಾಲ ಎಲ್ಲರ ಗಮನ ಕೊಲೆಸ್ಟರಾಲ್ ಮೇಲೆಯೇ ನಿಂತಿತು. ಅದನ್ನು ನುಂಗಿದ ಕೋಶಗಳು ಬರೀ ಕಸ ಗುಡಿಸುವವೆಂದು ಭಾವಿಸಲಾಯಿತು.

1979ರಲ್ಲಿ ಅಮೆರಿಕದ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಒಂದು ಗುಟ್ಟು ಬಿಡಿಸಿದರು. ಭಕ್ಷಕ ಕೋಶಗಳು ಸಹಜ ಸ್ಥಿತಿಯ ಕೊಲೆಸ್ಟರಾಲ್ ಕಣಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ರೂಪ ಕೆಟ್ಟ ಕಣಗಳನ್ನಾದರೋ ಮಿತಿಯಿಲ್ಲದೆ ನುಂಗುತ್ತವೆ. ನುಂಗಿ ಉಬ್ಬಿದ ಕೋಶಗಳು ರಾಸಾಯನಿಕ ಸಂಕೇತಗಳನ್ನು ಹೊಮ್ಮಿಸಿ ಇನ್ನಷ್ಟು ಬಿಳಿ ಕಣಗಳನ್ನು ಕರೆಯುತ್ತವೆ. ಕೊನೆಗೆ ತಾವೂ ಅಲ್ಲೇ ಸಾಯುತ್ತವೆ. ಗಂಟಿನ ಹೊದಿಕೆ ಸವೆದು ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! 1999ರಲ್ಲಿ ರಸೆಲ್ ರಾಸ್ ಇದನ್ನು ಉರಿಯೂತದ ಕಾಯಿಲೆಯೆಂದೇ ಸಾರಿದರು.

ನೇರ ಪರೀಕ್ಷೆಯ ಫಲ ಬಂದದ್ದು 2017ರಲ್ಲಿ. ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರ ಮೇಲೆ, ಉರಿಯೂತದ ಒಂದು ಸಂಕೇತವನ್ನು ತಡೆಯುವ ಕನಾಕಿನುಮಾಬ್ ಔಷಧಿಯನ್ನು ಪರೀಕ್ಷಿಸಲಾಗಿತ್ತು. ಕೊಲೆಸ್ಟರಾಲ್ ಇಳಿಯಲಿಲ್ಲ, ಆದರೂ ಮಧ್ಯಮ ಪ್ರಮಾಣ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಆಪತ್ತುಗಳು ಶೇಕಡಾ 15ರಷ್ಟು ತಗ್ಗಿದವು. ಆದರೆ ಔಷಧಿ ಪಡೆದವರಲ್ಲಿ ಸೋಂಕಿನಿಂದ ಸತ್ತವರ ಪ್ರಮಾಣ ಹೆಚ್ಚಿತ್ತು. ಕಾವಲುಗಾರನ ಕೈ ಕಟ್ಟಿದರೆ ಕಳ್ಳನಿಗೆ ದಾರಿಯಾಗುತ್ತದಲ್ಲವೇ?

ವಿರ್ಖೋ, ಅನಿಚ್‌ಕಾವ್ ಇಬ್ಬರೂ ಸತ್ಯದ ಒಂದೊಂದು ಪಾಲನ್ನು ಕಂಡಿದ್ದರು. ಕೊಲೆಸ್ಟರಾಲ್ ಕಿಡಿ, ಬಿಳಿ ಕಣಗಳು ಅದನ್ನು ಉರಿಸುವ ಗಾಳಿ. ಕಾವಲನ್ನು ಕೆಡಿಸದೆ ಆ ಉರಿಯನ್ನು ತಗ್ಗಿಸುವುದು ಹೇಗೆಂಬುದು ವಿದ್ಯಾರ್ಥಿಗಳಾದ ನಿಮ್ಮ ಪೀಳಿಗೆಯ ಮುಂದಿರುವ ಪ್ರಶ್ನೆ.