ಗಣಿತ ಪ್ರತಿಭೆಗಳನ್ನು ಗುರುತಿಸಿದವರು: ಚರಿತ್ರೆಯಿಂದ ಕೆಲವು ಪಾಠಗಳು



ಗಣಿತದಲ್ಲಿ ಹೆಸರು ಮಾಡಿದವರ ಸಾಧನೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಅವರು ಮಕ್ಕಳಾಗಿದ್ದಾಗ ಅವರನ್ನು ಮೊದಲು ಗುರುತಿಸಿದವರು ಯಾರು ಎಂದು ಕೇಳುವುದು ಅಪರೂಪ. ಗಣಿತ ನನ್ನ ಬೋಧನಾ ವಿಷಯವಲ್ಲ. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಣ ವೃತ್ತಿಯಲ್ಲಿರುವವನು. ಆದರೂ ಈ ಲೇಖನ ಬರೆಯಲು ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು 9ನೇ ಶತಮಾನದ ಬಾಗ್ದಾದ್‌ಗೆ ಹೋಗೋಣ. ಮೂಸಾ ಬಿನ್ ಶಾಕಿರ್ ತೀರಿಕೊಂಡಾಗ ಅವರ ಮೂವರು ಗಂಡುಮಕ್ಕಳು ಅನಾಥರಾದರು. ಖಲೀಫ ಮಾಮೂನ್ ಆ ಮಕ್ಕಳ ಹೊಣೆ ಹೊತ್ತು, ಬೈತುಲ್ ಹಿಕ್ಮಾ ಎಂಬ ಜ್ಞಾನಕೇಂದ್ರದಲ್ಲಿ ವಿದ್ಯೆ ಕೊಡಿಸಿದರು. ಮುಂದೆ ಅವರು 'ಬನೂ ಮೂಸಾ' ಎಂದು ಜ್ಯಾಮಿತಿಯಲ್ಲಿ ಪ್ರಸಿದ್ಧರಾದರು. ಅವರಲ್ಲಿ ಹಿರಿಯರಾದ ಮುಹಮ್ಮದ್ ಒಮ್ಮೆ ಹರ್ರಾನ್ ಪಟ್ಟಣದಲ್ಲಿ ಸಾಬಿತ್ ಬಿನ್ ಕುರ್ರಾ ಎಂಬ ಚಿನಿವಾರನನ್ನು ಕಂಡು, ಅವನ ಪ್ರತಿಭೆಗೆ ಮೆಚ್ಚಿ ಬಾಗ್ದಾದ್‌ಗೆ ಕರೆತಂದರೆಂದು ಚರಿತ್ರೆಕಾರರು ಬರೆದಿದ್ದಾರೆ. ಸಾಬಿತ್ ಮುಸ್ಲಿಮನಲ್ಲ, ಸಾಬಿಯನ್ ಪಂಥದವನು. ಅದು ಯಾವ ಅಡ್ಡಿಯೂ ಆಗಲಿಲ್ಲ. 220 ಮತ್ತು 284ರಂಥ 'ಸ್ನೇಹ ಸಂಖ್ಯೆ'ಗಳನ್ನು ಕಂಡುಹಿಡಿಯುವ ನಿಯಮವನ್ನು ಕೊಟ್ಟವನು ಅವನೇ. 220ನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ 284 ಬರುತ್ತದೆ. 284ರದ್ದನ್ನು ಹಾಗೆಯೇ ಕೂಡಿಸಿದರೆ 220. ವಿದ್ಯಾರ್ಥಿಗಳೇ, ನೀವೇ ಕೂಡಿಸಿ ನೋಡಿ. ಅನಾಥನಾಗಿ ಆಸರೆ ಪಡೆದವನು ಮುಂದೆ ಇನ್ನೊಬ್ಬನಿಗೆ ಆಸರೆಯಾದದ್ದು ಇಲ್ಲಿ ಗಮನಿಸಬೇಕಾದ ಮಾತು.

ಅದೇ 9ನೇ ಶತಮಾನದಲ್ಲಿ ನಮ್ಮ ನಾಡಿನಲ್ಲೂ ಗಣಿತಕ್ಕೆ ಆಶ್ರಯವಿತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಗ್ರಂಥದ ಆರಂಭದಲ್ಲೇ ಅವರು ದೊರೆಯನ್ನು ಸ್ಮರಿಸಿದ್ದಾರೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ಗಣಿತ ಗ್ರಂಥಗಳನ್ನು ರಚಿಸಿದ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ನೋಡಿ ಬರುವ ನಮಗೆ ಜೈನರ ಶಿಲ್ಪಕಲೆ ಗೊತ್ತು. ಜೈನರ ಗಣಿತ ಅಷ್ಟಾಗಿ ಗೊತ್ತಿಲ್ಲ.

ಪ್ರತಿಭೆಯನ್ನು ಗುರುತಿಸಲು ಖಲೀಫನೋ ದೊರೆಯೋ ಬೇಕೆಂದಿಲ್ಲ. ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ (1920-2023) ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, ಎಂಟನೆಯ ಮಗುವಾಗಿ. ಅವರ ತಾಯಿ ದಿನವೂ ಬೆಳಗಿನ ಜಾವ ನಾಲ್ಕಕ್ಕೆ ಅವರನ್ನು ಎಬ್ಬಿಸಿ, ಓದಲು ಎಣ್ಣೆದೀಪ ಹಚ್ಚಿಡುತ್ತಿದ್ದರು. ರಾವ್ ಅದನ್ನು ಮರೆಯದೆ ತಮ್ಮ ಒಂದು ಪುಸ್ತಕವನ್ನು ತಾಯಿಗೆ ಅರ್ಪಿಸಿದರು. ನಮ್ಮ ಜಿಲ್ಲೆಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಊರ ಶಾಲೆಯಲ್ಲಿ ಕಲಿತು, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಮುಂದುವರಿದರು. ನಂತರ ವಿಕ್ರಂ ಸಾರಾಭಾಯಿಯವರ ಮಾರ್ಗದರ್ಶನ ದೊರೆಯಿತು. 1975ರಲ್ಲಿ ಅವರ ನೇತೃತ್ವದಲ್ಲಿ ತಯಾರಾದ ನಮ್ಮ ಮೊದಲ ಉಪಗ್ರಹಕ್ಕೆ ಇಟ್ಟ ಹೆಸರು ಗಣಿತಜ್ಞನದೇ: ಆರ್ಯಭಟ.

ಗುರುತಿಸಿದರೆ ಮಾತ್ರ ಸಾಲದು, ಪೋಷಿಸಲೂ ಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಶಕ್ತಿಯನ್ನು ಅವರ ತಂದೆ ಎಳವೆಯಲ್ಲೇ ಕಂಡುಕೊಂಡರು. 1980ರಲ್ಲಿ ಲಂಡನ್ನಿನಲ್ಲಿ ಅವರು 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಜಗತ್ತನ್ನು ಬೆರಗುಗೊಳಿಸಿದರು. ಆದರೆ ಬಾಲ್ಯದಲ್ಲಿ ಅವರಿಗೆ ಸಿಕ್ಕಿದ್ದು ಪ್ರದರ್ಶನದ ವೇದಿಕೆ, ಕ್ರಮವಾದ ಶಾಲೆಯಲ್ಲ.

ಇನ್ನು ನನ್ನ ಕಾರಣ. ಕೆಲವು ವರ್ಷಗಳ ಹಿಂದೆ, ನನ್ನ ಕನ್ನಡ ತರಗತಿಯಲ್ಲಿ ಒಬ್ಬ ಹುಡುಗಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಏನೋ ಬರೆಯುತ್ತಿದ್ದಳು. ಗದರಿಸಿ ಪುಸ್ತಕ ಕಿತ್ತುಕೊಂಡೆ. 1+3=4, 1+3+5=9, 1+3+5+7=16 ಎಂದು ಬರೆದು, ಪಕ್ಕದಲ್ಲಿ ಚೌಕಾಕಾರವಾಗಿ ಚುಕ್ಕಿಗಳನ್ನಿಟ್ಟಿದ್ದಳು. ಪಾಠ ಕೇಳದ ಹುಡುಗಿ ಎಂದಷ್ಟೇ ತಿಳಿದೆ. ತಿಂಗಳುಗಳ ನಂತರ ಗಣಿತ ಶಿಕ್ಷಕರೊಬ್ಬರಿಗೆ ಮಾತಿನ ನಡುವೆ ಇದನ್ನು ಹೇಳಿದಾಗ ಅವರು, "ಬೆಸ ಸಂಖ್ಯೆಗಳ ಮೊತ್ತ ವರ್ಗಸಂಖ್ಯೆ ಏಕೆ ಆಗುತ್ತದೆ ಎಂಬುದನ್ನು ಆ ಚುಕ್ಕಿಗಳೇ ತೋರಿಸುತ್ತವಲ್ಲ! ಅವಳನ್ನು ಕರೆಯಿರಿ" ಎಂದರು. ಅಷ್ಟರಲ್ಲಿ ಅವಳ ಕುಟುಂಬ ಊರು ಬಿಟ್ಟಿತ್ತು. ಅವಳನ್ನು ಮೊದಲು ಕಂಡವನು ನಾನೇ, ಗುರುತಿಸಲಾರದವನೂ ನಾನೇ.

ಇಂದು ಅವಕಾಶಗಳಿಗೆ ಕೊರತೆಯಿಲ್ಲ. 1989ರಿಂದ ಭಾರತ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಭಾಗವಹಿಸುತ್ತಿದೆ. 2024ರಲ್ಲಿ ನಮ್ಮ ತಂಡ 4 ಚಿನ್ನದ ಪದಕಗಳೊಂದಿಗೆ 4ನೇ ಸ್ಥಾನ ಪಡೆಯಿತು. ಇದರ ಮೊದಲ ಹಂತದ ಪರೀಕ್ಷೆಯನ್ನು ಪ್ರೌಢಶಾಲೆಯ ಮಕ್ಕಳೂ ಬರೆಯಬಹುದು. ಆದರೆ ಕಾಪುವಿನ ಮೀನುಗಾರರ ಮನೆಗೆ, ಕಾರ್ಕಳದ ಬೀಡಿ ಕಟ್ಟುವ ತಾಯಿಗೆ ಈ ಸುದ್ದಿ ಮುಟ್ಟಿಸುವವರು ಯಾರು? ಉಡುಪಿ, ಮಣಿಪಾಲದಂಥ ವಿದ್ಯಾಕೇಂದ್ರಗಳು ಅವರಿಗೆ ದೂರವಲ್ಲ. ದಾರಿ ತೋರಿಸುವವರು ಬೇಕು, ಅಷ್ಟೆ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನ ವಿನಂತಿ: ಅಂಕಪಟ್ಟಿಯನ್ನು ಮಾತ್ರ ನೋಡಿ ಮಕ್ಕಳನ್ನು ಸನ್ಮಾನಿಸುವುದು ಸಾಲದು. ಪ್ರಶ್ನೆ ಕೇಳುವ ಮಗುವಿನ ಪರೀಕ್ಷಾ ಶುಲ್ಕ, ಬಸ್ಸಿನ ಖರ್ಚು, ಒಂದೆರಡು ಒಳ್ಳೆಯ ಪುಸ್ತಕಗಳ ಹೊಣೆ ಹೊರೋಣ. ಶಿಕ್ಷಕ ಬಂಧುಗಳೇ, ನಿಮ್ಮ ವಿಷಯ ಯಾವುದೇ ಇರಲಿ, ನೋಟ್‌ಬುಕ್ಕಿನ ಹಿಂದಿನ ಪುಟವನ್ನೂ ಒಮ್ಮೆ ನೋಡಿ, ಗಣಿತ ಶಿಕ್ಷಕರಿಗೆ ತೋರಿಸಿ. ವಿದ್ಯಾರ್ಥಿಗಳೇ, ಲೆಕ್ಕವನ್ನು ಬೇರೆ ದಾರಿಯಲ್ಲಿ ಬಿಡಿಸಿದ್ದರೆ ಅಡಗಿಸಿಡಬೇಡಿ, ಧೈರ್ಯವಾಗಿ ಹೇಳಿ. ನಾವು ಕೇಳಲು ಸಿದ್ಧರಿರಬೇಕು.